ಒಪ್ಪಿಕೊಂಡವನ ಅಪೀಲು

ನ್ಯಾಯಾಸ್ಥಾನದ ಕಟಕಟೆಯಲ್ಲಿ ನಿಂತು, "ಹೌದು, ತಪ್ಪು ಮಾಡಿದೆ" ಎಂದು ತನ್ನ ಬಾಯಿಂದಲೇ ನುಡಿದವನು, ಶಿಕ್ಷೆಯಾದ ಬಳಿಕ ಮೇಲಿನ ನ್ಯಾಯಾಸ್ಥಾನದ ಬಾಗಿಲು ತಟ್ಟಿ "ನಾನು ನಿರಪರಾಧಿ" ಎಂದರೆ ಕೇಳಿದವರಿಗೆ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು. ಆಡಿದ ಮಾತನ್ನು ನುಂಗುವವನ ವಿಷಯದಲ್ಲಿ ನಮ್ಮ ಜನಕ್ಕೆ ಎಂದಿನಿಂದಲೂ ಗೌರವ ಕಡಿಮೆ. ಕಾನೂನಿನ ಮನಸ್ಸೂ ಹೀಗೆಯೇ ಇದೆ. ೧೮೯೮ರ ದಂಡ ಪ್ರಕ್ರಿಯಾ ಸಂಹಿತೆಯ ೪೧೨ನೆಯ ಪ್ರಕರಣ, ತಪ್ಪೊಪ್ಪಿಕೊಂಡು ಶಿಕ್ಷೆ ಪಡೆದವನಿಗೆ ಅಪೀಲಿನ ಹಕ್ಕಿಲ್ಲವೆಂದು ಹೇಳಿತ್ತು. ಸ್ವತಂತ್ರ ಭಾರತವು ೧೯೭೩ರಲ್ಲಿ ಹೊಸ ಸಂಹಿತೆಯನ್ನು ಮಾಡಿಕೊಂಡಾಗ ಅದೇ ಮಾತು ೩೭೫ನೆಯ ಪ್ರಕರಣವಾಯಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು ೪೧೬ನೆಯದು. ಸಂಹಿತೆ ಮೂರು, ನಿಯಮ ಒಂದೇ: ಒಪ್ಪಿಕೊಂಡವನು ಶಿಕ್ಷೆ ಹೆಚ್ಚಾಯಿತೆಂದೋ, ಅದು ಕಾನೂನಿಗೆ ಹೊರತೆಂದೋ ಹೇಳಬಹುದು, ತಾನು ತಪ್ಪಿತಸ್ಥನೇ ಅಲ್ಲ ಎಂದು ಹೇಳುವಂತಿಲ್ಲ. ಶಿಕ್ಷಿಸಿದ್ದು ಹೈಕೋರ್ಟೇ ಆದರೆ ಅಷ್ಟೂ ಇಲ್ಲ.

ವಸಾಹತುಶಾಹಿಯ ಹೆಸರನ್ನು ಅಳಿಸುವೆವೆಂದು ಹೊರಟ ಹೊಸ ಸಂಹಿತೆಯು ಈ ಒಂದು ಪ್ರಕರಣದ ಸಂಖ್ಯೆಯನ್ನು ಬದಲಿಸಿ ವಾಕ್ಯವನ್ನು ಹೆಚ್ಚುಕಡಮೆ ಹಾಗೆಯೇ ಉಳಿಸಿಕೊಂಡಿತೆಂದು ಯಾರಾದರೂ ಆಕ್ಷೇಪಿಸಿಯಾರು. ಆದರೆ ಈ ವಿಚಾರವನ್ನು ಇಂಗ್ಲಿಷರೇ ನಮಗೆ ಕಲಿಸಿದರೆಂದು ಹೇಳುವುದು ಸರಿಯಾಗದು. ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನಿಗೂ ಅವನಿಗಿಂತ ಹಿಂದಿನ ಸ್ಮೃತಿಕಾರರಿಗೂ ಇದು ತಿಳಿದ ಸಂಗತಿಯೇ. ವ್ಯವಹಾರಕ್ಕೆ, ಎಂದರೆ ದಾವೆಗೆ, ನಾಲ್ಕು ಪಾದಗಳೆಂಬುದು ಅವರ ಎಣಿಕೆ: ವಾದಿಯ ಮಾತು, ಪ್ರತಿವಾದಿಯ ಉತ್ತರ, ಪ್ರಮಾಣ, ನಿರ್ಣಯಸಿದ್ಧಿ. ಉತ್ತರವೂ ನಾಲ್ಕು ಬಗೆ. ಸುಳ್ಳೆಂದು ಅಲ್ಲಗಳೆಯಬಹುದು, ನಿಜವೆಂದು ಒಪ್ಪಿ ಬೇರೆ ಕಾರಣ ಹೇಳಬಹುದು, ಇದು ಹಿಂದೆಯೇ ತೀರಿದ ವ್ಯಾಜ್ಯವೆನ್ನಬಹುದು, ಅಥವಾ ಪೂರ್ತಿಯಾಗಿ ಒಪ್ಪಿಕೊಂಡುಬಿಡಬಹುದು. ಈ ಕೊನೆಯದಕ್ಕೆ ಸಂಪ್ರತಿಪತ್ತಿಯೆಂದು ಹೆಸರು. ಸಂಪ್ರತಿಪತ್ತಿಯಾದಲ್ಲಿ ಪ್ರಮಾಣವೇ ಬೇಡ. ಆದ್ದರಿಂದ ಅಂಥ ವ್ಯವಹಾರ ಚತುಷ್ಪಾದವಲ್ಲ, ದ್ವಿಪಾದ.

ಎರಡೇ ಕಾಲಿನ ಮೇಲೆ ನಿಂತ ದಾವೆ! ಇಂದಿನ ಕಾನೂನಿನ ತರ್ಕವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಾಣೆ. ಅಪೀಲು ಎಂದರೆ ಕೆಳಗಿನ ನ್ಯಾಯಾಧೀಶರು ಸಾಕ್ಷ್ಯವನ್ನು ಸರಿಯಾಗಿ ತೂಗಿದರೇ ಎಂದು ಮೇಲಿನವರು ಮತ್ತೊಮ್ಮೆ ತೂಗಿ ನೋಡುವುದು. ಸಾಕ್ಷ್ಯವೇ ಇಲ್ಲದಿದ್ದಾಗ ತಕ್ಕಡಿಗೆ ಹಾಕುವುದು ಏನನ್ನು? ತರ್ಕ ನಿರ್ದುಷ್ಟವಾಗಿದೆ. ಆದರೆ ಸ್ಮೃತಿಕಾರರ ಕಣ್ಣ ಮುಂದೆ ಹೆಚ್ಚಾಗಿ ಇದ್ದುದು ಸಾಲಸೋಲದ ವ್ಯಾಜ್ಯ. ಸಾಲ ತಂದದ್ದು ನಿಜವೆಂದು ಒಪ್ಪುವವನು ತನಗೆ ಗೊತ್ತಿರುವ ಒಂದು ಸಂಗತಿಯನ್ನು ಒಪ್ಪುತ್ತಾನೆ, ಅಷ್ಟೆ. ಕಳವಿನ ಆರೋಪವನ್ನು ಒಪ್ಪುವವನು ಒಪ್ಪುವುದು ಸಂಗತಿಯೊಂದನ್ನೇ ಅಲ್ಲ. ವಸ್ತುವನ್ನು ತೆಗೆದುಕೊಂಡದ್ದು ಸಂಗತಿ. ಅದನ್ನು ಅಪ್ರಾಮಾಣಿಕ ಬುದ್ಧಿಯಿಂದ, ಒಡೆಯನ ಸಮ್ಮತಿಯಿಲ್ಲದೆ, ಅವನ ವಶದಿಂದ ತಪ್ಪಿಸಲೆಂದು ತೆಗೆದದ್ದೇ ಎಂಬುದು ಕಾನೂನು. ಬಾಕಿ ಕೂಲಿ ಕೊಡದ ಧಣಿಯ ಕಣದಿಂದ ಒಂದು ಮೂಟೆ ರಾಗಿ ಹೊತ್ತುಕೊಂಡು ಹೋದ ಆಳು "ಹೌದು, ತೆಗೆದುಕೊಂಡು ಹೋದೆ" ಎಂದರೆ, ಅವನು ಕಳವನ್ನು ಒಪ್ಪಿದನೋ, ತನ್ನ ಕೂಲಿ ತನಗೆ ಬರತಕ್ಕದ್ದೆಂದು ಹೇಳಿದನೋ? ಬರೆದುಕೊಳ್ಳುವವನ ಲೇಖನಿ ಹೇಗೆ ಓಡುತ್ತದೋ ಹಾಗೆ.

ಈ ವಿಷಯವನ್ನು ಈಗ ಎತ್ತಲು ಕಾರಣ ಇಂಗ್ಲೆಂಡಿನ ಅಂಚೆ ಕಛೇರಿಗಳ ಕಥೆ. ನಮ್ಮ ಪತ್ರಿಕೆಗಳಲ್ಲಿ ಅದು ಪರದೇಶದ ಒಂದು ಹಗರಣವೆಂಬಂತೆ ಬಂದುಹೋಯಿತು. ಅಲ್ಲಿಯ ಹಳ್ಳಿಗಳಲ್ಲಿ ಅಂಚೆ ಕಛೇರಿಯೆಂದರೆ ಬಹುಮಟ್ಟಿಗೆ ದಿನಸಿ ಅಂಗಡಿಯ ಒಂದು ಮೂಲೆ. ಅಂಗಡಿಯಾತನೇ ಕರಾರಿನ ಮೇಲೆ ಉಪ ಅಂಚೆ ಪಾಲಕ. ೧೯೯೯ರಿಂದ ಅವರ ಲೆಕ್ಕವನ್ನೆಲ್ಲ ಹೊರೈಜನ್ ಎಂಬ ಗಣಕವ್ಯವಸ್ಥೆಗೆ ಒಪ್ಪಿಸಲಾಯಿತು. ಪೆಟ್ಟಿಗೆಯಲ್ಲಿ ಹಣ ಸರಿಯಾಗಿದ್ದರೂ ಯಂತ್ರವು ಕೊರತೆಯನ್ನು ತೋರಿಸತೊಡಗಿತು. ಕರಾರಿನ ಪ್ರಕಾರ ಕೊರತೆಯನ್ನು ತುಂಬಿಕೊಡಬೇಕಾದವನು ಪಾಲಕ. ತುಂಬಲಾರದವರು ಲೆಕ್ಕ ಸರಿಯಿದೆಯೆಂದು ಬರೆದು ಮರುದಿನ ಕಛೇರಿ ತೆರೆದರು. ತೆರೆಯದಿದ್ದರೆ ಹೊಟ್ಟೆಪಾಡು ನಿಲ್ಲುತ್ತಿತ್ತು. ತನಿಖೆ ಮಾಡಿದ್ದು ಅಂಚೆ ಸಂಸ್ಥೆಯೇ, ಮೊಕದ್ದಮೆ ಹೂಡಿದ್ದೂ ಬಹುತೇಕ ಅದೇ. ೨೦೧೫ರ ವರೆಗೆ ಅದೊಂದೇ ೭೦೦ಕ್ಕೂ ಮೇಲ್ಪಟ್ಟು ಜನರಿಗೆ ಶಿಕ್ಷೆ ಕೊಡಿಸಿತು. ಇತರ ಅಧಿಕಾರಿಗಳು ಹೂಡಿದ್ದೂ ಸೇರಿದರೆ ೯೦೦ಕ್ಕಿಂತ ಹೆಚ್ಚು.

ಇವರಲ್ಲಿ ಬಹಳ ಮಂದಿ ತಪ್ಪೊಪ್ಪಿಕೊಂಡವರು ಎಂಬುದೇ ನಮಗೆ ಮುಖ್ಯವಾದ ಸಂಗತಿ.

ಹ್ಯಾಂಪ್‌ಷೈರಿನ ಸೌತ್ ವಾರ್ನ್‌ಬರೋ ಎಂಬ ಹಳ್ಳಿಯ ಜೋ ಹ್ಯಾಮಿಲ್ಟನ್ ಎಂಬ ಹೆಂಗಸಿನ ಪ್ರಸಂಗವನ್ನು ನೋಡೋಣ. ಒಂದು ದಿನ ಯಂತ್ರ ಎರಡು ಸಾವಿರ ಪೌಂಡುಗಳ ಕೊರತೆ ತೋರಿಸಿತು. ಸಹಾಯಕ್ಕೆಂದು ಇಟ್ಟಿದ್ದ ದೂರವಾಣಿಗೆ ಕರೆಮಾಡಿ, ಅಲ್ಲಿಂದ ಹೇಳಿದಂತೆಯೇ ಗುಂಡಿಗಳನ್ನೊತ್ತಿದಾಗ ಕೊರತೆ ಕಣ್ಣೆದುರಿಗೇ ಇಮ್ಮಡಿಯಾಯಿತು. ಕಡೆಗೆ ಅದು ೩೬,೦೦೦ ಪೌಂಡುಗಳಿಗೆ ಏರಿತು. ಕಳ್ಳತನದ ಆರೋಪ ಬಂತು. ಕಳವಿಗೆ ಪುರಾವೆ ತಮಗೆ ಸಿಗಲಿಲ್ಲವೆಂದು ಸಂಸ್ಥೆಯ ತನಿಖಾಧಿಕಾರಿಯೇ ತನ್ನ ವರದಿಯಲ್ಲಿ ಬರೆದಿದ್ದನೆಂಬುದು ಮುಂದೆ ತಿಳಿಯಿತು. ಕಳವು ಸಾಬೀತಾದರೆ ಸೆರೆಮನೆ. ಸುಳ್ಳು ಲೆಕ್ಕ ಬರೆದದ್ದನ್ನು ಒಪ್ಪಿ, ಹಣ ಕಟ್ಟಿದರೆ ಕಳವಿನ ಆರೋಪ ಬಿಟ್ಟುಹೋಗುತ್ತದೆ. ಆಕೆ ಒಪ್ಪಿಕೊಂಡಳು. ಶಿಕ್ಷೆಯ ದಿನ, ೨೦೦೮ರಲ್ಲಿ, ಹಳ್ಳಿಯ ಜನ ಗುಂಪುಗೂಡಿ ನ್ಯಾಯಾಲಯಕ್ಕೆ ಬಂದು ಆಕೆಯ ಪರವಾಗಿ ನಿಂತರು. ಆಕೆ ಸೆರೆಮನೆಗೆ ಹೋಗಲಿಲ್ಲ. ಅಪರಾಧಿಯೆಂಬ ಹೆಸರು ಮಾತ್ರ ಹದಿಮೂರು ವರ್ಷ ಉಳಿಯಿತು.

ಈ ಒಪ್ಪಿಗೆಯನ್ನು ಸುಳ್ಳೆನ್ನಬೇಕೆ? ಒಂದು ಅರ್ಥದಲ್ಲಿ ಆಕೆ ಹೇಳಿದ್ದು ನಿಜವೇ. ಲೆಕ್ಕಪತ್ರದ ಮೇಲೆ ಆಕೆ ರುಜು ಮಾಡಿದ್ದು ನಿಜ, ಅದರಲ್ಲಿದ್ದ ಮೊತ್ತ ಪೆಟ್ಟಿಗೆಯಲ್ಲಿರಲಿಲ್ಲವೆಂದು ಆಕೆ ತಿಳಿದಿದ್ದುದೂ ನಿಜ. ಆದರೆ ಆ ಹಣ ಎಂದೂ ಇರಲೇ ಇಲ್ಲ. ಇಲ್ಲದ ಹಣಕ್ಕೆ ಇದೆಯೆಂದು ಬರೆಯುವ ಸ್ಥಿತಿಗೆ ಆಕೆಯನ್ನು ದೂಡಿದ್ದು ಯಾವುದೆಂದು ಬಲ್ಲವರು ಬಾಯಿ ಮುಚ್ಚಿಕೊಂಡಿದ್ದರು. ಯಂತ್ರದಲ್ಲಿ ದೋಷವಿದೆಯೆಂಬ ಮಾಹಿತಿ ಮೊಕದ್ದಮೆ ಹೂಡಿದವರ ಕೈಯಲ್ಲಿತ್ತು. ಆಪಾದಿತರಿಗೆ ಅದನ್ನು ತಿಳಿಸಲಿಲ್ಲ. "ಇಂಥ ತೊಂದರೆ ನಿನ್ನೊಬ್ಬಳಿಗೇ" ಎಂದೇ ಹಲವರಿಗೆ ಹೇಳಲಾಗಿತ್ತು. ನೂರಾರು ಮಂದಿಗೆ ಪ್ರತ್ಯೇಕ ಪ್ರತ್ಯೇಕವಾಗಿ ನೀನೊಬ್ಬನೇ ಎಂದು ಹೇಳುವುದರಲ್ಲಿರುವ ಕ್ರೌರ್ಯವನ್ನು ಕಾದಂಬರಿಕಾರನೊಬ್ಬ ಕಲ್ಪಿಸಿದ್ದರೆ ನಾವು ಅತಿಯಾಯಿತೆನ್ನುತ್ತಿದ್ದೆವು.

೨೦೧೯ರ ಡಿಸೆಂಬರಿನಲ್ಲಿ, ಅಲನ್ ಬೇಟ್ಸ್ ಮತ್ತಿತರರು ಹೂಡಿದ ಸಿವಿಲ್ ದಾವೆಯಲ್ಲಿ, ಯಂತ್ರದ ದೋಷ ನ್ಯಾಯಾಲಯದ ತೀರ್ಪಿನಲ್ಲಿ ದಾಖಲೆಯಾಯಿತು. ೨೦೨೧ರ ಏಪ್ರಿಲ್ ೨೩ರಂದು ಲಂಡನ್ನಿನ ಅಪೀಲು ನ್ಯಾಯಾಲಯವು ೪೨ ಮಂದಿಯ ಅಪೀಲುಗಳಲ್ಲಿ ೩೯ನ್ನು ಪುರಸ್ಕರಿಸಿ ಶಿಕ್ಷೆಗಳನ್ನು ರದ್ದುಪಡಿಸಿತು. ಒಪ್ಪಿಕೊಂಡವರೂ ಅವರಲ್ಲಿದ್ದರು, ಹ್ಯಾಮಿಲ್ಟನ್ನಳೂ ಇದ್ದಳು. ಒಪ್ಪಿಗೆಯಿತ್ತೆಂಬ ಒಂದೇ ಕಾರಣಕ್ಕೆ ಅಪೀಲು ಬಿದ್ದುಹೋಗದು. ಮೊಕದ್ದಮೆಯೇ ನ್ಯಾಯದ ದುರುಪಯೋಗವಾಗಿದ್ದರೆ ಆ ಮೊಕದ್ದಮೆಯಲ್ಲಿ ಪಡೆದ ಒಪ್ಪಿಗೆ ಅದನ್ನು ಶುದ್ಧಿಗೊಳಿಸಲಾರದು ಎಂಬುದು ಅಲ್ಲಿಯ ನ್ಯಾಯಾಧೀಶರು ಹಿಡಿದ ದಾರಿ. ಒಬ್ಬೊಬ್ಬರಾಗಿ ಅಪೀಲು ಮಾಡುತ್ತ ಹೋದರೆ ಕಾಲ ಸಾಲದೆಂದು ೨೦೨೪ರ ಮೇ ೨೪ರಂದು ಬ್ರಿಟಿಷ್ ಸಂಸತ್ತೇ ಕಾಯಿದೆ ಮಾಡಿ ಉಳಿದವರ ಶಿಕ್ಷೆಗಳನ್ನು ಒಟ್ಟಾಗಿ ಅಳಿಸಿಹಾಕಿತು. ನ್ಯಾಯಾಲಯಗಳು ಕೊಟ್ಟ ಶಿಕ್ಷೆಯನ್ನು ಶಾಸನಸಭೆ ಹೀಗೆ ಅಳಿಸುವುದು ಒಳ್ಳೆಯ ಪದ್ಧತಿಯೇ ಎಂಬುದರ ಬಗ್ಗೆ ನನಗೆ ಅನುಮಾನಗಳಿವೆ. ಆದರೆ ಅದು ಬೇರೆ ಚರ್ಚೆ.

ಇದೇ ಪ್ರಸಂಗ ನಮ್ಮಲ್ಲಿ ನಡೆದಿದ್ದರೆ? ಸೆಷನ್ಸ್ ನ್ಯಾಯಾಲಯದಲ್ಲೋ ಮ್ಯಾಜಿಸ್ಟ್ರೇಟರ ಮುಂದೆಯೋ ಒಪ್ಪಿಕೊಂಡ ಹ್ಯಾಮಿಲ್ಟನ್ನಳಿಗೆ ಅಪೀಲಿನ ಬಾಗಿಲು ೪೧೬ನೆಯ ಪ್ರಕರಣದಿಂದ ಮುಚ್ಚಿರುತ್ತಿತ್ತು. ಪಕ್ಷಪಾತವಿಲ್ಲದೆ ಇನ್ನೊಂದು ಮಾತನ್ನೂ ಹೇಳಬೇಕು: ಇಂಗ್ಲೆಂಡಿನಲ್ಲಿಯೂ ಕೆಳಗಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಒಪ್ಪಿಕೊಂಡವನು ಸಾಮಾನ್ಯವಾಗಿ ಶಿಕ್ಷೆಯ ಪ್ರಮಾಣದ ಮೇಲಷ್ಟೇ ಅಪೀಲು ಹೋಗಬಹುದು. ನಮ್ಮ ನಿಯಮದ ಒಡಹುಟ್ಟು ಅಲ್ಲಿಯೂ ಇದೆ.

ಆದರೆ ನಮ್ಮ ನ್ಯಾಯಾಸ್ಥಾನಗಳ ಕಷ್ಟ ಗಣಕಯಂತ್ರದಿಂದ ಬಂದುದಲ್ಲ. ಅದು ಭಾಷೆಯಿಂದಲೂ ಬಡತನದಿಂದಲೂ ಬಂದುದು. ತಾಲ್ಲೂಕಿನ ನ್ಯಾಯಾಲಯವೊಂದರ ಹಿಂದಿನ ಬೆಂಚಿನಲ್ಲಿ ಕುಳಿತು ನಾನು ಕೆಲವು ಬೆಳಗುಗಳನ್ನು ಕಳೆದಿದ್ದೇನೆ. ಜಾತ್ರೆಯ ಬಯಲಲ್ಲಿ ಅಂದರ್ ಬಾಹರ್ ಆಡಿದವರು, ಕುಡಿದು ಗದ್ದಲ ಮಾಡಿದವರು, ಪರವಾನಗಿಯಿಲ್ಲದೆ ಗಾಡಿ ಹೊಡೆದವರು ಸಾಲಾಗಿ ನಿಲ್ಲುತ್ತಾರೆ. ಕೂಗಿದ ಹೆಸರಿಗೆ ಓಗೊಟ್ಟು ಒಬ್ಬ ಮುಂದೆ ಬರುತ್ತಾನೆ. ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದಾನೆ, ಟವಲು ಕೈಯಲ್ಲಿದೆ. ಆರೋಪವನ್ನು ಓದಿ ಹೇಳುವ ದನಿ ಬೆಂಚಿನ ವರೆಗೆ ಕೇಳಿಸುವುದಿಲ್ಲ. ಅವನ ಉತ್ತರ ಮಾತ್ರ ಎಲ್ಲರಿಗೂ ಕೇಳಿಸುತ್ತದೆ: "ತಪ್ಪಾಯ್ತು ಸ್ವಾಮಿ."

ಕನ್ನಡ ಬಲ್ಲವರು ಈ ಎರಡು ಪದಗಳ ಮೇಲೆ ಒಂದು ಕ್ಷಣ ನಿಲ್ಲಬೇಕು. "ತಪ್ಪಾಯಿತು" ಎಂಬ ವಾಕ್ಯದಲ್ಲಿ ಮಾಡಿದವನಿಲ್ಲ. "ತಪ್ಪು ಮಾಡಿದೆ" ಎನ್ನುವುದಕ್ಕೂ "ತಪ್ಪಾಯಿತು" ಎನ್ನುವುದಕ್ಕೂ ನಮ್ಮ ವ್ಯಾಕರಣದಲ್ಲಿ ಇರುವ ಅಂತರ, ನಮ್ಮ ನಡವಳಿಕೆಯಲ್ಲಿ ಇನ್ನೂ ಹೆಚ್ಚು. ದೊಡ್ಡವರ ಮುಂದೆ ನಿಂತಾಗ, ಅವರಿಗೆ ಸಿಟ್ಟು ಬಂದಿದೆಯೆಂದು ಕಂಡಾಗ, ಕಾರಣ ತಿಳಿಯದಿದ್ದರೂ ಆಡುವ ಮಾತು ಅದು. ಮಾವನ ಮುಂದೆ ಸೊಸೆ, ಧಣಿಯ ಮುಂದೆ ಆಳು, ಮೇಷ್ಟರ ಮುಂದೆ ಹುಡುಗ, ಎಲ್ಲರೂ ಅದನ್ನು ಆಡಿದವರೇ. ಅದು ತಗ್ಗಿದ ತಲೆಯ ಮಾತು, ಇನ್ನು ಮಾತು ಬೆಳೆಸುವುದು ಬೇಡವೆಂಬ ಪ್ರಾರ್ಥನೆ. ಕೈಮುಗಿದಂತೆ ಅದೂ ಒಂದು ಮುದ್ರೆ. ಈ ಮಾತು ಕಾಗದಕ್ಕೆ ಇಳಿಯುವಾಗ "ಆರೋಪಿಯು ಸ್ವಇಚ್ಛೆಯಿಂದ ತಪ್ಪೊಪ್ಪಿಕೊಂಡಿದ್ದಾನೆ" ಎಂದಾಗುತ್ತದೆ. ಕ್ರಿಯೆಗೆ ಕರ್ತೃ ಬಂದ. ಕರ್ತೃವಿಗೆ ಇಚ್ಛೆ ಬಂತು. ಆ ಇಚ್ಛೆಗೆ ಸ್ವಾತಂತ್ರ್ಯವೂ ಬಂತು.

ಕಾನೂನಿಗೆ ಈ ಅಪಾಯ ತಿಳಿಯದೆಯೇನೂ ಇಲ್ಲ. ಸಮನ್ಸ್ ಮೊಕದ್ದಮೆಗಳಲ್ಲಿ ಆಪಾದಿತನು ಆಡಿದ ಮಾತನ್ನು, ಸಾಧ್ಯವಾದಷ್ಟು ಮಟ್ಟಿಗೆ ಅವನದೇ ಪದಗಳಲ್ಲಿ, ಬರೆದುಕೊಳ್ಳಬೇಕೆಂದು ಹಳೆಯ ಸಂಹಿತೆಯಲ್ಲಿಯೂ ಇತ್ತು, ಹೊಸ ಸಂಹಿತೆಯ ೨೭೫ನೆಯ ಪ್ರಕರಣದಲ್ಲಿಯೂ ಇದೆ. ಮದರಾಸಿನ ಪಾನನಿರೋಧ ಕಾಯಿದೆಯ ಕೆಳಗೆ ಬಂದ ಮಹಂತ ಕೌಶಲ್ಯದಾಸರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ನಿಯಮ ಬರಿಯ ಆಚಾರವಲ್ಲ, ಪಾಲಿಸಲೇಬೇಕಾದದ್ದು ಎಂದು ಹೇಳಿ, ಪಾಲಿಸದೆ ಕೊಟ್ಟ ಶಿಕ್ಷೆಯನ್ನು ರದ್ದುಮಾಡಿತು. ೧೯೬೬ರ ಕಾನೂನು ವರದಿಗಳಲ್ಲಿ ಆ ತೀರ್ಪನ್ನು ಓದಬಹುದು. ಅಂದಿನಿಂದ ಈ ಮಾತು ವಕೀಲರ ನಾಲಗೆಯ ತುದಿಯಲ್ಲಿದೆ. ಅಚ್ಚುಹಾಕಿದ ನಮೂನೆಯಲ್ಲಿ ಖಾಲಿ ಬಿಟ್ಟ ಜಾಗ ತುಂಬುವ ಅಭ್ಯಾಸವೂ ಅಷ್ಟೇ ದೃಢವಾಗಿ ಉಳಿದಿದೆ.

ಬಡತನದ ಮಾತು ಇನ್ನೂ ಸರಳ. ೨೦೨೨ರ ಅಂತ್ಯದ ಲೆಕ್ಕದಂತೆ ಭಾರತದ ಸೆರೆಮನೆಗಳಲ್ಲಿದ್ದವರಲ್ಲಿ ನೂರಕ್ಕೆ ಸುಮಾರು ೭೫ ಮಂದಿ ವಿಚಾರಣೆ ಮುಗಿಯದವರು. ಜಾಮೀನು ಕೊಡುವವರಿಲ್ಲದ ಒಬ್ಬನು ಸಣ್ಣ ಕಳವಿನ ಆರೋಪದ ಮೇಲೆ ಐದು ತಿಂಗಳು ಒಳಗಿದ್ದಾನೆಂದು ಇಟ್ಟುಕೊಳ್ಳಿ. ಒಪ್ಪಿಕೊಂಡರೆ "ಕಳೆದಷ್ಟೇ ಶಿಕ್ಷೆ" ಎಂದು ಇಂದೇ ಮನೆಗೆ ಹೋಗಬಹುದು; ನಿರಪರಾಧಿಯೆಂದು ಹಟ ಹಿಡಿದರೆ ಮುಂದಿನ ವಾಯಿದೆಯ ವರೆಗೆ ಒಳಗೇ ಇರಬೇಕು. ಈ ಇಕ್ಕಟ್ಟಿನಲ್ಲಿ ನಿಜವಾದ ಕಳ್ಳನಿಗೂ ನಿರಪರಾಧಿಗೂ ಒಂದೇ ಉತ್ತರ ಲಾಭದಾಯಕ. ಎರಡೂ ಬಗೆಯ ಜನ ಒಂದೇ ಮಾತನ್ನಾಡುವಂತೆ ಮಾಡುವ ಪ್ರಶ್ನೆಯಿಂದ ಸತ್ಯ ಹೊರಬೀಳುವುದು ಹೇಗೆ? ಬಿಡುಗಡೆಯ ಸಂತೋಷದಲ್ಲಿ ಹೊರಬಂದವನಿಗೆ, ತಾನು ಈಗ ಶಿಕ್ಷೆಯಾದವನು, ನೌಕರಿಯ ಅರ್ಜಿಯಲ್ಲಿ ಇದನ್ನು ಬರೆಯಬೇಕಾದವನು, ಮುಂದೆ ಯಾವುದಾದರೂ ಮೊಕದ್ದಮೆಯಲ್ಲಿ ಹಳೆಯ ಅಪರಾಧಿಯೆನಿಸಿಕೊಳ್ಳುವವನು ಎಂಬುದು ಆಮೇಲೆ ತಿಳಿಯುತ್ತದೆ. ಸರ್ಕಾರಿ ನೌಕರನಾದರೆ ಸಂವಿಧಾನದ ೩೧೧ನೆಯ ಅನುಚ್ಛೇದದ ವಿನಾಯಿತಿಯಂತೆ, ಶಿಕ್ಷೆಗೆ ಕಾರಣವಾದ ನಡತೆಯ ಮೇಲೆ, ಇಲಾಖೆಯ ವಿಚಾರಣೆಯಿಲ್ಲದೆಯೇ ಅವನನ್ನು ತೆಗೆದುಹಾಕಬಹುದು. ದಂಡ ಕಟ್ಟಿದರೆ ಮುಗಿಯಿತೆಂದು ತಿಳಿದು ಒಪ್ಪಿಕೊಂಡವನಿಗೆ ದಂಡವೇ ಎಲ್ಲಕ್ಕಿಂತ ಚಿಕ್ಕ ಶಿಕ್ಷೆ.

ನಮ್ಮ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡಿತ್ತೆಂದು ಹೇಳಿದರೆ ಅನ್ಯಾಯವಾಗುತ್ತದೆ. ಆಹಾರ ಕಲಬೆರಕೆಯ ಮೊಕದ್ದಮೆಗಳಲ್ಲಿ ವ್ಯಾಪಾರಿಗಳು ಸರ್ಕಾರಿ ವಕೀಲರೊಡನೆ ಒಳಒಪ್ಪಂದ ಮಾಡಿಕೊಂಡು, ತಪ್ಪೊಪ್ಪಿ, ಹಗುರ ಶಿಕ್ಷೆ ಪಡೆದು ಹೋಗುವುದನ್ನು ೧೯೭೬ರ ಮುರಳೀಧರ ಮೇಘರಾಜ ಲೋಯಾ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕಟುವಾಗಿ ಖಂಡಿಸಿದರು. ಅವರಿಗೆ ಕಂಡದ್ದು, ಹಣವಂತ ಅಪರಾಧಿ ಅಗ್ಗವಾಗಿ ಪಾರಾಗುವ ಅಪಾಯ. ೧೯೮೦ರಲ್ಲಿ ಗುಜರಾತಿನ ಕಾಸಂಭಾಯಿ ಪ್ರಕರಣ ನ್ಯಾಯಮೂರ್ತಿ ಭಗವತಿಯವರ ಮುಂದೆ ಬಂದಾಗ ಅವರಿಗೆ ಇನ್ನೊಂದು ಮುಖವೂ ಕಂಡಿತು: ಮುಗಿಯದ ವಿಚಾರಣೆಯ ಬೇಗೆಗೆ ಹೆದರಿ ನಿರಪರಾಧಿಯೇ ಒಪ್ಪಿಕೊಂಡುಬಿಡುವ ಅಪಾಯ. ಅಂಥ ಒಪ್ಪಿಗೆಯ ಮೇಲಿನ ಶಿಕ್ಷೆ ನಿಲ್ಲದೆಂದು ಅವರು ತೀರ್ಪಿತ್ತರು.

ಮೂರನೆಯದು ನಮ್ಮ ರಾಜ್ಯದ್ದೇ. ತಿಪ್ಪೇಸ್ವಾಮಿ ವಿರುದ್ಧ ಕರ್ನಾಟಕ ರಾಜ್ಯ, ೧೯೮೩ರ ವರದಿ. ಅಜಾಗರೂಕತೆಯಿಂದ ಸಾವಿಗೆ ಕಾರಣನಾದ ಆರೋಪ, ಎಂದರೆ ಹಳೆಯ ದಂಡಸಂಹಿತೆಯ ೩೦೪-ಎ. ಆಪಾದಿತನು ತಪ್ಪೊಪ್ಪಿಕೊಂಡ, ಮ್ಯಾಜಿಸ್ಟ್ರೇಟರು ದಂಡ ಹಾಕಿ ಬಿಟ್ಟರು. ಶಿಕ್ಷೆ ಸಾಲದೆಂದು ಸರ್ಕಾರ ಮೇಲೆ ಹೋಯಿತು. ಹೈಕೋರ್ಟು ಸೆರೆವಾಸವನ್ನು ವಿಧಿಸಿತು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಒಪ್ಪಿಗೆಯಾದ ಮೇಲೆ ಆಪಾದಿತನಿಗೆ ತೀರ್ಪಿನ ಬಾಗಿಲು ಮುಚ್ಚುತ್ತದೆ; ಶಿಕ್ಷೆ ಕಡಿಮೆಯಾಯಿತೆನ್ನಲು ಸರ್ಕಾರಕ್ಕೆ ಬಾಗಿಲು ತೆರೆದೇ ಇರುತ್ತದೆ. ಸುಪ್ರೀಂ ಕೋರ್ಟು ಈ ಅಸಮತೆಯನ್ನು ಕಂಡಿತು. ಹಗುರವಾಗಿ ಬಿಡುವೆವೆಂಬ ಆಶ್ವಾಸನೆಯಿಂದ ಒಬ್ಬನನ್ನು ಒಪ್ಪಿಗೆಗೆ ಒಲಿಸಿ, ಆಮೇಲೆ ಅಪೀಲಿನಲ್ಲಿ ಶಿಕ್ಷೆ ಹೆಚ್ಚಿಸುವುದು ಸಂವಿಧಾನದ ೨೧ನೆಯ ಅನುಚ್ಛೇದಕ್ಕೆ ವಿರುದ್ಧವೆಂದು ಹೇಳಿತು. ಹಗುರ ಶಿಕ್ಷೆಯನ್ನೇ ಉಳಿಸಿ ಕೈತೊಳೆದುಕೊಳ್ಳಲಿಲ್ಲ. ಶಿಕ್ಷೆಯ ಜೊತೆಗೆ ಒಪ್ಪಿಗೆಯ ಮೇಲಿನ ತೀರ್ಪನ್ನೂ ತೆಗೆದುಹಾಕಿ, ಆಪಾದಿತನು ಬಯಸಿದರೆ ವಿಚಾರಣೆಯನ್ನು ಎದುರಿಸಲಿ ಎಂದು ಮೊಕದ್ದಮೆಯನ್ನು ಮೊದಲಿನ ಸ್ಥಾನಕ್ಕೆ ಕಳಿಸಿತು. ಕಾನೂನಿನ ವಿದ್ಯಾರ್ಥಿಗಳು ಈ ಚಿಕ್ಕ ತೀರ್ಪನ್ನು ಹುಡುಕಿ ಓದಬೇಕು. ಅದಕ್ಕೆ ಬೇಕಾಗುವುದು ಹತ್ತು ನಿಮಿಷ.

ಆಮೇಲಿನ ಕಥೆ ಬೇರೆ ದಿಕ್ಕಿಗೆ ಹೊರಳಿತು. ಕಾನೂನು ಆಯೋಗದ ೧೪೨ ಮತ್ತು ೧೫೪ನೆಯ ವರದಿಗಳು ಒಪ್ಪಿಗೆಯ ಚೌಕಾಶಿಗೆ ಶಾಸನದ ರೂಪ ಕೊಡಬೇಕೆಂದುವು. ಕನ್ನಡಿಗರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠರ ಸಮಿತಿಯು ೨೦೦೩ರಲ್ಲಿ ಅದನ್ನು ಅನುಮೋದಿಸಿತು. ೧೯೯೯ರ ಚಂದ್ರಿಕಾ ಪ್ರಕರಣದಲ್ಲಿಯೂ ಸುಪ್ರೀಂ ಕೋರ್ಟು ಇದು ನಮ್ಮಲ್ಲಿ ನಡೆಯತಕ್ಕದ್ದಲ್ಲವೆಂದೇ ಹೇಳಿದ್ದರೂ, ೨೦೦೬ರ ಜುಲೈ ೫ರಿಂದ ಅದು ದಂಡ ಪ್ರಕ್ರಿಯಾ ಸಂಹಿತೆಯ ಒಂದು ಅಧ್ಯಾಯವಾಯಿತು. ಏಳು ವರ್ಷಕ್ಕೆ ಮೀರದ ಶಿಕ್ಷೆಯ ಅಪರಾಧಗಳಲ್ಲಿ, ಕೆಲವನ್ನು ಬಿಟ್ಟು, ಆಪಾದಿತನು ತಾನಾಗಿ ಅರ್ಜಿ ಹಾಕಬಹುದು. ಅರ್ಜಿಯ ಜೊತೆಗೆ ಪ್ರಮಾಣಪತ್ರ ಬೇಕು. ನ್ಯಾಯಾಧೀಶರು ಅವನನ್ನು ಏಕಾಂತದಲ್ಲಿ, ಎದುರು ಪಕ್ಷದವರಿಲ್ಲದೆ, ಪ್ರಶ್ನಿಸಿ ಒಪ್ಪಿಗೆ ಅವನದೇ ಎಂದು ಮನಗಾಣಬೇಕು. ಹೊಸ ಸಂಹಿತೆ ಇದಕ್ಕೆ ದೋಷಾರೋಪಣೆಯಿಂದ ೩೦ ದಿನಗಳ ಗಡುವನ್ನು ಹಾಕಿದೆ, ಮೊದಲ ಬಾರಿಯ ಅಪರಾಧಿಗೆ ಶಿಕ್ಷೆಯಲ್ಲಿ ಇನ್ನಷ್ಟು ರಿಯಾಯಿತಿಯನ್ನೂ ಕೊಟ್ಟಿದೆ. ಹೀಗೆ ಬಂದ ತೀರ್ಪು ಅಂತಿಮ. ಸುಪ್ರೀಂ ಕೋರ್ಟಿನ ವಿಶೇಷಾನುಮತಿ ಮತ್ತು ಹೈಕೋರ್ಟಿನ ರಿಟ್ ಎರಡನ್ನು ಬಿಟ್ಟರೆ ಅದಕ್ಕೆ ಅಪೀಲಿಲ್ಲ.

ಅಂತಿಮತೆಯ ವಿಷಯದಲ್ಲಿ ನನ್ನ ಆಕ್ಷೇಪ ಹೆಚ್ಚಿಲ್ಲ. ವಕೀಲನನ್ನಿಟ್ಟುಕೊಂಡು, ಪ್ರಮಾಣ ಮಾಡಿ, ಏಕಾಂತದಲ್ಲಿ ಪ್ರಶ್ನೆಗೆ ಉತ್ತರಿಸಿ ಒಪ್ಪಿಕೊಂಡವನನ್ನು ಅವನ ಮಾತಿಗೆ ಕಟ್ಟಿಹಾಕುವುದು ಸರಿಯೇ. ನನ್ನ ಆಕ್ಷೇಪ ಬೇರೆ. ಈ ಅಧ್ಯಾಯವನ್ನು ಬಳಸುವವರು ಬಹಳ ವಿರಳ. ಪ್ರತಿದಿನವೂ ಜನ ಸಾಲುಗಟ್ಟಿ ತಪ್ಪೊಪ್ಪಿಕೊಳ್ಳುವುದು ಇದರ ಹೊರಗೆ, ಹಳೆಯ ಕ್ರಮದಲ್ಲಿ, ಒಂದೆರಡು ನಿಮಿಷಗಳಲ್ಲಿ. ಅಲ್ಲಿ ಪ್ರಮಾಣಪತ್ರವೂ ಇಲ್ಲ, ಏಕಾಂತದ ಪ್ರಶ್ನೆಯೂ ಇಲ್ಲ. ಯಾರೂ ದಾಟದ ಹೊಳೆಗೆ ಸೇತುವೆ ಕಟ್ಟಿ, ಜನ ದಾಟುವಲ್ಲಿ ಹರಿಗೋಲನ್ನೂ ಇಡದಂತಾಗಿದೆ. ಆದರೆ ಅಪೀಲಿನ ನಿಷೇಧ ಎರಡು ಕಡೆಗೂ ಸಮನಾಗಿದೆ.

ಒಂದೇ ರಕ್ಷಣೆಯೆಂದರೆ "ವಿವೇಚನೆ" ಎಂಬ ಪದ. ಒಪ್ಪಿಕೊಂಡವನನ್ನು ಶಿಕ್ಷಿಸಲೇಬೇಕೆಂದು ಸಂಹಿತೆ ಎಲ್ಲಿಯೂ ಹೇಳಿಲ್ಲ. ನ್ಯಾಯಾಧೀಶರು ತಮ್ಮ ವಿವೇಚನೆಯಂತೆ ಶಿಕ್ಷಿಸಬಹುದು, ಅಥವಾ ಒಪ್ಪಿಗೆಯನ್ನು ಬರೆದಿಟ್ಟುಕೊಂಡು ವಿಚಾರಣೆಯನ್ನು ಮುಂದುವರಿಸಬಹುದು. ಈ ವಿವೇಚನೆಯನ್ನು ಅತ್ಯುತ್ತಮವಾಗಿ ಬಳಸಿದ ಪ್ರಸಂಗ ಯಾವುದೆಂದು ಕೇಳಿದರೆ ನಾನು ಹೇಳುವ ಹೆಸರಿಗೆ ಓದುಗರು ಬೆಚ್ಚಬಹುದು. ಮುಂಬಯಿಯ ಮೇಲೆ ೨೦೦೮ರಲ್ಲಿ ನಡೆದ ದಾಳಿಯ ಅಜ್ಮಲ್ ಕಸಬ್, ೨೦೦೯ರ ಜುಲೈ ೨೦ರಂದು, ವಿಚಾರಣೆಯ ನಡುವೆ ಎದ್ದು ತಾನು ತಪ್ಪಿತಸ್ಥನೆಂದು ಒಪ್ಪಿಕೊಂಡ. ಕೂಡಲೇ ಗಲ್ಲಿಗೇರಿಸಬೇಕೆಂದು ದೇಶವೆಲ್ಲ ಕೂಗುತ್ತಿದ್ದ ಹೊತ್ತು ಅದು. ವಿಶೇಷ ನ್ಯಾಯಾಧೀಶ ತಹಲಿಯಾನಿಯವರು ಹೇಳಿಕೆಯನ್ನು ಕಡತಕ್ಕೆ ಸೇರಿಸಿಕೊಂಡರು, ಅದರ ಮೇಲೆಯೇ ತೀರ್ಪು ಕೊಡಲಿಲ್ಲ. ಉಳಿದ ಸಾಕ್ಷಿಗಳನ್ನು ಕರೆಸಿ ವಿಚಾರಣೆಯನ್ನು ಮುಗಿಸಿದರು. ಮುಂದೆ ಆತ ತನ್ನ ಮಾತನ್ನು ಹಿಂತೆಗೆದುಕೊಂಡಾಗ ಮೊಕದ್ದಮೆ ಕದಲಲಿಲ್ಲ. ೨೦೧೦ರ ಮೇ ತಿಂಗಳಲ್ಲಿ ಬಂದ ತೀರ್ಪಿಗೆ ನಾಲ್ಕು ಕಾಲೂ ಇದ್ದುವು. ೨೦೧೨ರ ಆಗಸ್ಟ್ ೨೯ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಾಗ, ಈ ದೇಶದಲ್ಲಿ ವಿಚಾರಣೆ ನಡೆಯುತ್ತದೆಯೆಂದು ಹೊರಗಿನವರಿಗೆ ಹೇಳಿಕೊಳ್ಳಲು ನಮಗೆ ಬಾಯಿ ಬಂತು.

ದೇಶದ ಅತ್ಯಂತ ದ್ವೇಷಿತ ಆಪಾದಿತನಿಗೆ ಸಿಕ್ಕ ಈ ಎಚ್ಚರಿಕೆ, ಅಂದರ್ ಬಾಹರ್ ಆಡಿದವನಿಗೆ ಸಿಗುವುದಿಲ್ಲ. ಸಿಗಬೇಕೆಂದು ನಾನು ಹೇಳುತ್ತಿಲ್ಲ. ಪ್ರತಿಯೊಂದು ಸಣ್ಣ ಮೊಕದ್ದಮೆಗೂ ಪೂರ್ತಿ ವಿಚಾರಣೆ ನಡೆಸುತ್ತ ಹೋದರೆ ಈಗ ನಡೆಯುತ್ತಿರುವುದೂ ನಿಂತುಹೋದೀತು. ಒಪ್ಪಿಗೆಗೆ ಬೆಲೆಯಿಲ್ಲದಂತೆ ಮಾಡುವುದೂ ಸಲ್ಲದು. ಅತ್ಯ ಅನ್ಯಾಯಕ್ಕೆ ಗುರಿಯಾದವನು ಮತ್ತೆ ಸಾಕ್ಷಿಯ ಕಟ್ಟೆ ಹತ್ತುವ ಸಂಕಟ ಅದರಿಂದ ತಪ್ಪುತ್ತದೆ. ಒಪ್ಪಿಕೊಂಡು, ಸಾಕ್ಷಿಗಳು ಚೆದುರಿಹೋಗುವ ವರೆಗೆ ಕಾದು, ಆಮೇಲೆ ಅಪೀಲು ಮಾಡಿ ವಿಚಾರಣೆ ಬೇಕೆನ್ನುವ ಚತುರರೂ ಇರುತ್ತಾರೆ. ಬಾಗಿಲನ್ನು ಪೂರ್ತಿ ತೆರೆದರೆ ಮೊದಲು ನುಗ್ಗುವವರು ಅವರೇ.

ಆದುದರಿಂದ ನಾನು ಕೇಳುವುದು ಕಿರಿಬಾಗಿಲನ್ನು ಮಾತ್ರ. ೪೧೬ನೆಯ ಪ್ರಕರಣಕ್ಕೆ ಒಂದು ವಾಕ್ಯ ಸೇರಿದರೆ ಸಾಕು: ಒಪ್ಪಿಗೆಯು ತಿಳಿದು, ಸ್ವಂತ ಇಚ್ಛೆಯಿಂದ ಕೊಟ್ಟದ್ದಲ್ಲವೆಂದೋ, ಒಪ್ಪಿದ ಸಂಗತಿಗಳಿಂದ ಆ ಅಪರಾಧವೇ ಆಗುವುದಿಲ್ಲವೆಂದೋ, ತಿಳಿಸಬೇಕಾದ ಮುಖ್ಯ ಮಾಹಿತಿಯನ್ನು ಆರೋಪಿಸಿದವರು ಬಚ್ಚಿಟ್ಟರೆಂದೋ ತೋರಿಸುವವನಿಗೆ ಅಪೀಲುಂಟು. ತೋರಿಸುವ ಹೊರೆ ಅವನ ಮೇಲೆಯೇ ಇರಲಿ. ಕೊನೆಯ ಕಾರಣ ಹ್ಯಾಮಿಲ್ಟನ್ನಳ ಕಥೆಯಿಂದ ಬಂದುದು. ಇನ್ನು ಮುಂದೆ ಯಂತ್ರಗಳು ಬರೆಯುವ ಲೆಕ್ಕದ ಮೇಲೆ, ಯಂತ್ರಗಳು ತೆಗೆದ ಚಿತ್ರದ ಮೇಲೆ ಆರೋಪ ಹೊರುವವರು ನಮ್ಮಲ್ಲಿಯೂ ಹೆಚ್ಚುತ್ತಾರೆ. ಯಂತ್ರ ತಪ್ಪಿದ್ದು ಅವರಿಗೆ ತಿಳಿಯುವುದು ಒಪ್ಪಿಕೊಂಡ ಎಷ್ಟೋ ವರ್ಷಗಳ ಮೇಲೆ.

ಅಪೀಲಿಲ್ಲದಿದ್ದರೇನು, ಪುನರೀಕ್ಷಣೆಯಿದೆಯಲ್ಲ ಎಂದು ವಕೀಲ ಮಿತ್ರರು ಹೇಳುತ್ತಾರೆ. ನಿಜ. ರಿವಿಷನ್ ಎಂದು ಕರೆಯುವ ಈ ಅರ್ಜಿಯನ್ನು ಸೆಷನ್ಸ್ ನ್ಯಾಯಾಲಯಕ್ಕೋ ಹೈಕೋರ್ಟಿಗೋ ಹಾಕಬಹುದು. ಒಪ್ಪಿಗೆ ನಿಜವಾದ ಒಪ್ಪಿಗೆಯೇ ಅಲ್ಲವೆಂದು ಕಂಡಾಗ ಹೈಕೋರ್ಟುಗಳು ಮಧ್ಯೆ ಪ್ರವೇಶಿಸಿದ್ದೂ ಉಂಟು. ಆದರೆ ಅಪೀಲು ಹಕ್ಕು, ಪುನರೀಕ್ಷಣೆ ನ್ಯಾಯಾಲಯದ ದಾಕ್ಷಿಣ್ಯ. ಹಕ್ಕಿದ್ದವನು ಕೇಳುತ್ತಾನೆ, ಹಕ್ಕಿಲ್ಲದವನು ಬೇಡುತ್ತಾನೆ; ಮೊದಲೇ "ತಪ್ಪಾಯ್ತು ಸ್ವಾಮಿ" ಎಂದವನು ಮತ್ತೊಮ್ಮೆ ಬೇಡಲು ಹೋಗುವುದು ಅಪೂರ್ವ. ಆ ಅರ್ಜಿಗೆ ಅವಧಿ ೯೦ ದಿನ. ದಂಡ ಕಟ್ಟಿದ್ದಕ್ಕೆ ಕೊಡುವ ರಸೀದಿಯಲ್ಲಿ ಆ ಸಂಗತಿಯನ್ನು ಅಚ್ಚುಹಾಕಿಸಲು ಶಾಸನದ ತಿದ್ದುಪಡಿಯೂ ಬೇಕಾಗಿಲ್ಲ, ಹೈಕೋರ್ಟಿನ ಒಂದು ಸುತ್ತೋಲೆ ಸಾಕು.